ನಾಪಾದ ವೈನ್ ನಿಮ್ಮ ಮನೆಬಾಗಿಲಿಗೆ: ಅಮೆರಿಕದಲ್ಲಿ ನಿಯಮ ತಿಳಿದು ತರಿಸಿಕೊಳ್ಳುವುದು ಹೇಗೆ?

ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಯಾವುದೋ ವೈನರಿಯಲ್ಲಿ ಆರು ಬಾಟಲಿ ಆರಿಸಿ ‘ಇವನ್ನು ಮನೆಗೆ ಕಳುಹಿಸಿಕೊಡಿ’ ಅಂದರೆ, ಕೌಂಟರಿನಲ್ಲಿ ಇರುವವರು ಹಣದ ಮಾತಿಗೂ ಮೊದಲು ಕೇಳುವ ಪ್ರಶ್ನೆ: ಯಾವ ರಾಜ್ಯಕ್ಕೆ? ಅದೇ ಕ್ಯಾಲಿಫೋರ್ನಿಯಾದ ಸನಿವೇಲ್ ಅಂದರೆ ಆಗಲೇ ಬಿಲ್ ಹಾಕುತ್ತಾರೆ. ನ್ಯೂಜೆರ್ಸಿಯ ಎಡಿಸನ್ ಅಂದರೆ ಕಂಪ್ಯೂಟರಿನಲ್ಲಿ ನೋಡಿ ಹೇಳುತ್ತಾರೆ. ಯೂಟಾದ ಸಾಲ್ಟ್ ಲೇಕ್ ಸಿಟಿ ಅಂದರೆ ಆಗುವುದಿಲ್ಲ ಎನ್ನುತ್ತಾರೆ. ಬಾಟಲಿ ಅದೇ, ಕೊಳ್ಳುವವರೂ ಅವರೇ. ಬೇರೆಯಾದದ್ದು ವಿಳಾಸ ಮಾತ್ರ.

ಊರಿಂದ ಬಂದ ಅಪ್ಪ ಅಮ್ಮನನ್ನು ಗೋಲ್ಡನ್ ಗೇಟ್ ಸೇತುವೆ ತೋರಿಸಿ, ಮರುದಿನ ನಾಪಾ ಅಥವಾ ಸೊನೋಮಾಕ್ಕೆ ಕರೆದೊಯ್ಯುವ ಕನ್ನಡಿಗ ಕುಟುಂಬಗಳು ಬಹಳ. ಟೆಕ್ಸಸ್, ನ್ಯೂಜೆರ್ಸಿ, ವರ್ಜೀನಿಯಾಗಳಿಂದ ರಜೆಗೆ ಬರುವವರೂ ಇದ್ದಾರೆ. ಅವರಿಗಾಗಿ ಈ ಲೇಖನ. ನೆನಪಿಡಬೇಕಾದ ಸೂತ್ರವನ್ನು ಮೊದಲೇ ಹೇಳಿಬಿಡುತ್ತೇನೆ: ವೈನ್ ಎಲ್ಲಿಂದ ಹೊರಡುತ್ತದೆ ಎನ್ನುವುದಕ್ಕಿಂತ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದು ಮುಖ್ಯ. ಪಾರ್ಸೆಲ್ ಮುಟ್ಟುವ ರಾಜ್ಯದ ಕಾನೂನು ಒಪ್ಪದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಒಂದೇ ದೇಶ, ನಿಯಮ ಮಾತ್ರ ಬೇರೆ ಬೇರೆ ಏಕೆ?

ನಮ್ಮ ಸಂವಿಧಾನದ ಏಳನೆಯ ಪರಿಚ್ಛೇದದಲ್ಲಿ ಮದ್ಯ ರಾಜ್ಯಪಟ್ಟಿಯಲ್ಲಿದೆ. ಆದ್ದರಿಂದಲೇ ಕರ್ನಾಟಕದ ಅಬಕಾರಿ ನಿಯಮ ಒಂದು, ಮಹಾರಾಷ್ಟ್ರದ್ದು ಇನ್ನೊಂದು, ಗುಜರಾತಿನದು ಮತ್ತೊಂದು. ಅಮೆರಿಕದಲ್ಲೂ ಹೆಚ್ಚುಕಡಿಮೆ ಹೀಗೇ ಆಗಿದೆ, ಆದರೆ ಬಂದ ದಾರಿ ಬೇರೆ. 1920ರಿಂದ 1933ರವರೆಗೆ ಅಲ್ಲಿ ದೇಶವ್ಯಾಪಿ ಪಾನನಿಷೇಧವಿತ್ತು. 1933ರ ಡಿಸೆಂಬರಿನಲ್ಲಿ ಸಂವಿಧಾನದ 21ನೇ ತಿದ್ದುಪಡಿ ಆ ನಿಷೇಧವನ್ನು ತೆಗೆದುಹಾಕಿತು. ಅದರ ಎರಡನೆಯ ಭಾಗದಲ್ಲಿ ಒಂದು ಮಾತು ಸೇರಿತು: ಯಾವುದೇ ರಾಜ್ಯದ ಕಾನೂನಿಗೆ ವಿರುದ್ಧವಾಗಿ ಆ ರಾಜ್ಯದೊಳಗೆ ಮದ್ಯ ತರುವಂತಿಲ್ಲ.

ಈ ಅಧಿಕಾರ ಕೈಗೆ ಬಂದ ಮೇಲೆ ಹೆಚ್ಚಿನ ರಾಜ್ಯಗಳು ಮೂರು ಹಂತದ ವ್ಯವಸ್ಥೆ ಮಾಡಿಕೊಂಡವು. ತಯಾರಕರು ಸಗಟು ವ್ಯಾಪಾರಿಗೆ ಮಾರಬೇಕು, ಸಗಟು ವ್ಯಾಪಾರಿ ಅಂಗಡಿಗೆ, ಅಂಗಡಿಯವರು ಗ್ರಾಹಕರಿಗೆ. ತಯಾರಕರು ನೇರವಾಗಿ ಗ್ರಾಹಕರಿಗೆ ಕೊಟ್ಟರೆ ನಡುವಿನ ಎರಡು ಮೆಟ್ಟಿಲು ತಪ್ಪಿಹೋಗುತ್ತವೆ. ವೈನ್ ಪಾರ್ಸೆಲ್ ಕುರಿತ ಜಗಳವೆಲ್ಲ ಹುಟ್ಟಿದ್ದು ಇಲ್ಲಿ.

ಇದರಲ್ಲಿ ಏಟು ತಿಂದವರು ಸಣ್ಣ ತಯಾರಕರು. ವರ್ಷಕ್ಕೆ ಕೆಲವೇ ಸಾವಿರ ಬಾಟಲಿ ತಯಾರಿಸುವ ಕುಟುಂಬದ ವೈನರಿಯನ್ನು ದೊಡ್ಡ ಸಗಟು ವ್ಯಾಪಾರಿ ಏಕೆ ಕೈಗೆತ್ತಿಕೊಳ್ಳುತ್ತಾನೆ? ಅವನಿಗೆ ಲಾರಿಗಟ್ಟಲೆ ಸರಕು ಬೇಕು. ವರ್ಜೀನಿಯಾದ ಮಿಡ್ಲ್‌ಬರ್ಗ್‌ನಲ್ಲಿ ದ್ರಾಕ್ಷಿ ಬೆಳೆದು ವೈನ್ ಮಾಡುತ್ತಿದ್ದ ವಾನೀಟಾ ಸ್ವೀಡನ್‌ಬರ್ಗ್ ಅವರ ಕಥೆ ಇದೇ. ಅವರ ತೋಟಕ್ಕೆ ನ್ಯೂಯಾರ್ಕಿನಿಂದ ಬಂದವರು ವೈನ್ ಮೆಚ್ಚಿ ಮನೆಗೆ ಕಳುಹಿಸಿ ಅಂದರೆ, ಕಾನೂನಿನ ಪ್ರಕಾರ ಇಲ್ಲ ಅನ್ನಬೇಕಿತ್ತು. ಆದರೆ ನ್ಯೂಯಾರ್ಕಿನ ಸ್ವಂತ ವೈನರಿಗಳು ಅದೇ ಗ್ರಾಹಕರ ಮನೆಗೆ ಕಳುಹಿಸಬಹುದಿತ್ತು! ಮಿಷಿಗನ್‌ನಲ್ಲೂ ಇದೇ ತಾರತಮ್ಯ. ಸ್ವೀಡನ್‌ಬರ್ಗ್ ಮತ್ತಿತರರು ಹೂಡಿದ ಮೊಕದ್ದಮೆಗಳು ಸುಪ್ರೀಂ ಕೋರ್ಟ್ ಮುಟ್ಟಿದವು. 2005ರ ಮೇ 16ರಂದು ‘ಗ್ರ್ಯಾನ್‌ಹೋಮ್ ವಿರುದ್ಧ ಹೀಲ್ಡ್’ ಪ್ರಕರಣದಲ್ಲಿ 5-4 ಬಹುಮತದ ತೀರ್ಪು ಬಂತು. ನ್ಯಾಯಮೂರ್ತಿ ಆಂಥೊನಿ ಕೆನೆಡಿ ಬರೆದ ಆ ತೀರ್ಪಿನ ಸಾರ ಇಷ್ಟು: ಮದ್ಯವನ್ನು ನಿಯಂತ್ರಿಸುವ ಹಕ್ಕು ರಾಜ್ಯಕ್ಕಿದೆ, ಆದರೆ ತನ್ನ ವೈನರಿಗೆ ಒಂದು ನಿಯಮ, ಹೊರಗಿನವರಿಗೆ ಇನ್ನೊಂದು ನಿಯಮ ಎನ್ನುವಂತಿಲ್ಲ.

ತೀರ್ಪು ಎಲ್ಲ ರಾಜ್ಯಗಳ ಬಾಗಿಲನ್ನೂ ತೆರೆಸಲಿಲ್ಲ ಎನ್ನುವುದನ್ನು ಗಮನಿಸಿ. ಇಬ್ಬರಿಗೂ ತೆರೆಯಿರಿ, ಇಲ್ಲವೇ ಇಬ್ಬರಿಗೂ ಮುಚ್ಚಿರಿ ಎಂದಿತು. ಹೆಚ್ಚಿನ ರಾಜ್ಯಗಳು ತೆರೆಯುವ ದಾರಿ ಹಿಡಿದವು, ಆದರೆ ತಮ್ಮ ತಮ್ಮ ವೇಗದಲ್ಲಿ. ಮ್ಯಾಸಚೂಸೆಟ್ಸ್ ಬಾಗಿಲು ತೆರೆದದ್ದು 2015ರಲ್ಲಿ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಮಾಜಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಡ್ರೂ ಬ್ಲೆಡ್ಸೋ ವಾಷಿಂಗ್ಟನ್ ರಾಜ್ಯದ ವಾಲಾ ವಾಲಾದಲ್ಲಿ ವೈನರಿ ಶುರು ಮಾಡಿ, ತನ್ನನ್ನು ತಲೆಮೇಲೆ ಹೊತ್ತ ಮ್ಯಾಸಚೂಸೆಟ್ಸ್‌ನ ಬಾಸ್ಟನ್ ಅಭಿಮಾನಿಗಳಿಗೇ ಬಾಟಲಿ ಕಳುಹಿಸಲಾಗದೆ, ಕಾನೂನು ಬದಲಾವಣೆಯ ಪ್ರಚಾರಕ್ಕೆ ಇಳಿದಿದ್ದರು. ಪೆನ್ಸಿಲ್ವೇನಿಯಾ 2016ರಲ್ಲಿ, ಅಲಬಾಮಾ 2021ರಲ್ಲಿ, ಮಿಸಿಸಿಪ್ಪಿ 2025ರಲ್ಲಿ ಒಪ್ಪಿದವು. ಯೂಟಾ ಇನ್ನೂ ಒಪ್ಪಿಲ್ಲ.

ಹೆಜ್ಜೆ 1: ಯಾರಿಂದ ಕೊಳ್ಳುತ್ತಿದ್ದೀರಿ ನೋಡಿ

ವೈನರಿಯಿಂದ ತರಿಸುವುದೂ ವೈನ್ ಅಂಗಡಿಯಿಂದ ತರಿಸುವುದೂ ಕಾನೂನಿನ ಕಣ್ಣಿಗೆ ಬೇರೆ ಬೇರೆ. ತಯಾರಕರಿಗೆ ಬಾಗಿಲು ತೆರೆದ ಅನೇಕ ರಾಜ್ಯಗಳು ಹೊರರಾಜ್ಯದ ಅಂಗಡಿಗಳಿಗೆ ತೆರೆದಿಲ್ಲ. ನೀವು ಮೆಚ್ಚಿದ್ದು ಇಟಲಿಯ ಅಥವಾ ಫ್ರಾನ್ಸಿನ ವೈನ್ ಆಗಿದ್ದರೆ ಅದು ಸಿಗುವುದು ಅಂಗಡಿಯಲ್ಲೇ. ಹಾಗಾಗಿ ನಿಮ್ಮ ರಾಜ್ಯದೊಳಗಿನ ಅಂಗಡಿಯನ್ನೇ ಹುಡುಕುವುದು ಲೇಸು. ಅಮೆರಿಕದ ವೈನರಿಯ ಸ್ವಂತ ವೈನ್ ಆದರೆ ಮುಂದಿನ ಹೆಜ್ಜೆಗೆ ಹೋಗಿ.

ಹೆಜ್ಜೆ 2: ಆ ವೈನರಿಗೆ ನಿಮ್ಮ ರಾಜ್ಯದ ಪರವಾನಗಿ ಇದೆಯೇ?

ಇಲ್ಲಿ ಹಲವರು ಎಡವುತ್ತಾರೆ. ‘ನಮ್ಮ ರಾಜ್ಯದಲ್ಲಿ ತರಿಸಬಹುದಂತೆ’ ಎಂದು ಗೊತ್ತಿದ್ದರೆ ಸಾಲದು. ನೇರವಾಗಿ ಕಳುಹಿಸಲು ಪ್ರತಿ ವೈನರಿಯೂ ಪ್ರತಿ ರಾಜ್ಯದಿಂದ ಪ್ರತ್ಯೇಕ ಪರವಾನಗಿ ತೆಗೆದುಕೊಳ್ಳಬೇಕು, ಶುಲ್ಕ ಕಟ್ಟಬೇಕು, ಎಷ್ಟು ಕಳುಹಿಸಿದೆ ಎಂದು ಲೆಕ್ಕ ಒಪ್ಪಿಸಬೇಕು, ಆ ರಾಜ್ಯದ ತೆರಿಗೆ ವಸೂಲಿ ಮಾಡಿ ಕಟ್ಟಬೇಕು. ಗಂಡ ಹೆಂಡತಿ ಸೇರಿ ನಡೆಸುವ ಪುಟ್ಟ ವೈನರಿಗೆ ನಲವತ್ತಕ್ಕೂ ಹೆಚ್ಚು ರಾಜ್ಯಗಳ ಕಾಗದಪತ್ರ ನಿಭಾಯಿಸುವುದು ಸಾಧ್ಯವಾಗದ ಮಾತು. ಅವರು ಗಿರಾಕಿಗಳು ಹೆಚ್ಚಿರುವ ಹತ್ತು ಹನ್ನೆರಡು ರಾಜ್ಯಗಳಿಗೆ ಮಾತ್ರ ಪರವಾನಗಿ ಇಟ್ಟುಕೊಂಡಿರಬಹುದು.

ಆದ್ದರಿಂದ ವೈನರಿಯ ಜಾಲತಾಣದಲ್ಲಿ ಶಿಪ್ಪಿಂಗ್ ಪುಟ ತೆರೆದು ರಾಜ್ಯಗಳ ಪಟ್ಟಿ ನೋಡಿ. ಪಟ್ಟಿ ಹಳೆಯದಿರಬಹುದು ಅನ್ನಿಸಿದರೆ ಫೋನ್ ಮಾಡಿ ಕೇಳಿ. ಸಣ್ಣ ವೈನರಿಗಳಲ್ಲಿ ಎಷ್ಟೋ ಸಲ ಮಾಲೀಕರೇ ಫೋನ್ ಎತ್ತುತ್ತಾರೆ. ರಾಜ್ಯದ ನಿಯಮವನ್ನು ನೀವೇ ಓದಬೇಕೆಂದರೆ ಆಯಾ ರಾಜ್ಯದ ಮದ್ಯ ನಿಯಂತ್ರಣ ಇಲಾಖೆಯ ಜಾಲತಾಣಕ್ಕೆ ಹೋಗಿ. ಟೆಕ್ಸಸ್‌ನಲ್ಲಿ ಅದು ಆಲ್ಕೊಹಾಲಿಕ್ ಬೆವರೇಜ್ ಕಮಿಷನ್, ನ್ಯೂಯಾರ್ಕಿನಲ್ಲಿ ಸ್ಟೇಟ್ ಲಿಕ್ಕರ್ ಅಥಾರಿಟಿ. ಜಿಪ್ ಕೋಡ್ ಕೇಳಿದರೆ ಬೇಸರಪಡಬೇಡಿ. ಕೆಂಟಕಿಯಂಥ ರಾಜ್ಯಗಳಲ್ಲಿ ಮದ್ಯ ಮಾರಾಟವೇ ಇಲ್ಲದ ಕೌಂಟಿಗಳು ಇಂದಿಗೂ ಇವೆ.

ನ್ಯೂಜೆರ್ಸಿಯವರಿಗೆ ಒಂದು ಮಾತು. ಆ ರಾಜ್ಯ 2012ರಲ್ಲಿ ನೇರ ಸಾಗಣೆಗೆ ಒಪ್ಪಿದಾಗ, ವರ್ಷಕ್ಕೆ 2,50,000 ಗ್ಯಾಲನ್‌ಗಿಂತ (ಒಂದು ಗ್ಯಾಲನ್ ಸುಮಾರು 3.8 ಲೀಟರ್) ಹೆಚ್ಚು ತಯಾರಿಸುವ ವೈನರಿಗೆ ಪರವಾನಗಿ ಕೊಡುವುದಿಲ್ಲ ಎಂಬ ಷರತ್ತು ಹಾಕಿತು. ಅಲ್ಲಿನ ಸಣ್ಣ ತಯಾರಕರಿಗೆ ಇದು ತೊಡಕಾಗಲಿಲ್ಲ. ಕ್ಯಾಲಿಫೋರ್ನಿಯಾದ ದೊಡ್ಡ ಹೆಸರುಗಳು ಹೊರಗುಳಿದವು. ಮ್ಯಾಸಚೂಸೆಟ್ಸ್ ಇಂಥದ್ದೇ ಒಂದು ಮಿತಿ ಹಾಕಿದ್ದಾಗ ಫೆಡರಲ್ ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಅದನ್ನು ತಳ್ಳಿಹಾಕಿತ್ತು. ವೈನರಿಯ ಗಾತ್ರ ಅಳೆಯುವ ಇಂಥ ನಿಯಮದಿಂದ ಗ್ರಾಹಕರಿಗೆ ಯಾವ ರಕ್ಷಣೆ ಸಿಗುತ್ತದೆ ಎಂದು ನನಗೆ ಅರ್ಥವಾಗಿಲ್ಲ. ಸಗಟು ವ್ಯಾಪಾರಿಗಳಿಗೆ ಸಿಗುವುದು ಮಾತ್ರ ಸ್ಪಷ್ಟ.

ಹೆಜ್ಜೆ 3: ಎಷ್ಟು ತರಿಸಬಹುದು?

ಹೆಚ್ಚಿನ ರಾಜ್ಯಗಳ ನಿಯಮಗಳಲ್ಲಿ ಲೆಕ್ಕ ‘ಕೇಸ್’ನಲ್ಲಿರುತ್ತದೆ. ಒಂದು ಕೇಸ್ ಅಂದರೆ 9 ಲೀಟರ್, ಎಂದರೆ 750 ಮಿಲಿಲೀಟರಿನ 12 ಬಾಟಲಿ. ನ್ಯೂಯಾರ್ಕ್ ಮತ್ತು ಪೆನ್ಸಿಲ್ವೇನಿಯಾದಲ್ಲಿ ವರ್ಷಕ್ಕೆ 36 ಕೇಸ್, ಮ್ಯಾಸಚೂಸೆಟ್ಸ್‌ನಲ್ಲಿ ಒಂದು ವೈನರಿಯಿಂದ 12 ಕೇಸ್, ವರ್ಜೀನಿಯಾದಲ್ಲಿ ತಿಂಗಳಿಗೆ 2 ಕೇಸ್. ಟೆಕ್ಸಸ್ ಗ್ಯಾಲನ್‌ನಲ್ಲಿ ಹೇಳುತ್ತದೆ: ತಿಂಗಳಿಗೆ 9 ಗ್ಯಾಲನ್, ಸುಮಾರು 45 ಬಾಟಲಿ, ವರ್ಷಕ್ಕೆ 36 ಗ್ಯಾಲನ್. ಮನೆಯ ಬಳಕೆಗೆ ಇದು ಧಾರಾಳ. ಮದುವೆಗೋ ಗೃಹಪ್ರವೇಶದ ಪಾರ್ಟಿಗೋ ಒಟ್ಟಿಗೆ ತರಿಸುವವರು ಮಾತ್ರ ಎಣಿಸಿಕೊಳ್ಳಬೇಕು. ತರಿಸಿದ್ದು ಸ್ವಂತ ಬಳಕೆಗೆ, ಮರುಮಾರಾಟಕ್ಕಲ್ಲ.

ಹೆಜ್ಜೆ 4: ಸಹಿ ಹಾಕುವವರು ಮನೆಯಲ್ಲಿರಬೇಕು

ಒಳ್ಳೆಯ ವೈನ್ ಹಾಳಾಗುವುದು ಹೆಚ್ಚಾಗಿ ಈ ಹಂತದಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ, ಒಳಗೆ ಮದ್ಯವಿದೆ, 21 ವರ್ಷ ತುಂಬಿದವರ ಸಹಿ ಬೇಕು ಎಂದು ಬರೆದಿರುತ್ತದೆ. ಬೇರೆ ಪಾರ್ಸೆಲ್‌ಗಳಂತೆ ಇದನ್ನು ಬಾಗಿಲ ಮುಂದೆ ಇಟ್ಟು ಹೋಗುವಂತಿಲ್ಲ. ತಂದವರು ಗುರುತಿನ ಚೀಟಿ ನೋಡಿ, ಸಹಿ ಪಡೆದು ಕೊಡಬೇಕು. ಕುಡಿದು ತೂರಾಡುತ್ತಿರುವವರ ಕೈಗೆ ಕೊಡುವಂತಿಲ್ಲ. ಹತ್ತೊಂಬತ್ತು ವರ್ಷದ ಮಗ ಕಾಲೇಜಿನಿಂದ ಬಂದಿದ್ದರೆ ಅವನ ಸಹಿ ನಡೆಯುವುದಿಲ್ಲ. ಊರಿಂದ ಬಂದ ಅತ್ತೆ ಮಾವ ಮನೆಯಲ್ಲಿದ್ದರೆ ಅವರೇ ತೆಗೆದುಕೊಳ್ಳಬಹುದು, ಪಾಸ್‌ಪೋರ್ಟ್ ಕೈಗೆ ಸಿಗುವಲ್ಲಿ ಇಟ್ಟಿರಲಿ.

ಯಾರೂ ಸಿಗದಿದ್ದರೆ ಕೊರಿಯರಿನವರು ಸಾಮಾನ್ಯವಾಗಿ ಮೂರು ಬಾರಿ ಬಂದು ನೋಡಿ, ಆಮೇಲೆ ವೈನರಿಗೆ ಹಿಂದಿರುಗಿಸುತ್ತಾರೆ. ಅಷ್ಟು ದಿನ ನಿಮ್ಮ ವೈನ್ ವ್ಯಾನಿನೊಳಗೂ ಗೋದಾಮಿನೊಳಗೂ ತಿರುಗುತ್ತಿರುತ್ತದೆ. ಮರುಸಾಗಣೆಯ ಖರ್ಚು ನಿಮ್ಮ ಮೇಲೆಯೇ ಬರಬಹುದು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ, ಕಂಪನಿಯ ನಿಯಮ ಒಪ್ಪಿದರೆ ಕಚೇರಿಯ ವಿಳಾಸ ಕೊಡಿ. ಇಲ್ಲವೇ ಆರ್ಡರ್ ಮಾಡುವಾಗಲೇ ಕೊರಿಯರ್ ಕಂಪನಿಯ ಹತ್ತಿರದ ಪಿಕಪ್ ಕೇಂದ್ರಕ್ಕೆ ಕಳುಹಿಸಲು ಹೇಳಿ. ಸಂಜೆ ಹೋಗಿ ಗುರುತಿನ ಚೀಟಿ ತೋರಿಸಿ ತರಬಹುದು. ಅಂಚೆ ಪೆಟ್ಟಿಗೆಯ ಸಂಖ್ಯೆ ಕೊಟ್ಟರೆ ಆಗುವುದಿಲ್ಲ.

ಹೆಜ್ಜೆ 5: ಹವೆ ನೋಡಿ ದಿನ ಆರಿಸಿ

ಟೆಕ್ಸಸ್, ಅರಿಜೋನಾದ ಜುಲೈ ಬಿಸಿಲಿನಲ್ಲಿ ಮುಚ್ಚಿದ ವ್ಯಾನಿನ ಒಳಗೆ ವೈನ್ ಬೆಂದುಹೋಗುತ್ತದೆ. ಬಾಟಲಿಯ ಕಾರ್ಕ್ ಮೇಲೆದ್ದಿದ್ದರೆ, ಕತ್ತಿನ ಸುತ್ತ ವೈನ್ ಸೋರಿದ ಕಲೆ ಇದ್ದರೆ ಶಾಖ ತಗುಲಿದೆ ಎಂದು ತಿಳಿಯಿರಿ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಕೊಂಡರೆ, ಅಕ್ಟೋಬರಿನಲ್ಲಿ ಕಳುಹಿಸಿ ಎಂದು ಹೇಳಿ. ಬಹಳಷ್ಟು ವೈನರಿಗಳು ಅಲ್ಲಿಯವರೆಗೆ ತಮ್ಮ ತಂಪು ಗೋದಾಮಿನಲ್ಲಿ ಇಟ್ಟುಕೊಳ್ಳುತ್ತವೆ. ಸೋಮವಾರ ಹೊರಡುವಂತೆ ಕೇಳಿಕೊಂಡರೆ ವಾರಾಂತ್ಯದಲ್ಲಿ ಗೋದಾಮಿನಲ್ಲಿ ಕೊಳೆಯುವುದು ತಪ್ಪುತ್ತದೆ.

ವೈನ್ ಕ್ಲಬ್ ಸೇರಿದವರು

ಅನೇಕ ವೈನರಿಗಳಲ್ಲಿ ಕ್ಲಬ್ ಸೇರಿದರೆ ಟೇಸ್ಟಿಂಗ್ ಶುಲ್ಕ, ಅಂದರೆ ವೈನ್ ರುಚಿ ನೋಡಲು ಕಟ್ಟುವ ಹಣ, ಬಿಡುತ್ತಾರೆ. ಆ ಆಸೆಗೆ ಸಹಿ ಹಾಕುವ ಮೊದಲು ಓದಿ ನೋಡಿ: ವರ್ಷಕ್ಕೆ ಎರಡೋ ನಾಲ್ಕೋ ಸಲ ತಾನಾಗಿ ಬಾಟಲಿ ಬರುತ್ತದೆ, ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುತ್ತದೆ. ಕೆಲಸ ಬದಲಿಸಿ ಸ್ಯಾನ್ ಹೋಸೆಯಿಂದ ಆಸ್ಟಿನ್‌ಗೋ ಸಿಯಾಟಲ್‌ಗೋ ಮನೆ ಸಾಗಿಸುವ ನಮ್ಮವರು ಬ್ಯಾಂಕಿಗೆ ಹೊಸ ವಿಳಾಸ ಕೊಡುತ್ತಾರೆ, ವೈನರಿಗೆ ಕೊಡಲು ಮರೆಯುತ್ತಾರೆ. ಹೊಸ ರಾಜ್ಯಕ್ಕೆ ಆ ವೈನರಿಯ ಪರವಾನಗಿ ಇಲ್ಲದಿದ್ದರೆ ಸದಸ್ಯತ್ವ ನಿಲ್ಲಿಸುವುದೊಂದೇ ದಾರಿ.

ನೀವೇ ಪಾರ್ಸೆಲ್ ಮಾಡಲು ಹೋಗಬೇಡಿ

ಡಲ್ಲಾಸ್‌ನ ಗೆಳೆಯನಿಗೆ ದೀಪಾವಳಿ ಉಡುಗೊರೆಯಾಗಿ ಎರಡು ಬಾಟಲಿ ಕಟ್ಟಿ ಕಳುಹಿಸೋಣ ಅನ್ನಿಸುವುದು ಸಹಜ. ಆದರೆ ಅಮೆರಿಕದ ಅಂಚೆ ಇಲಾಖೆಯ ಮೂಲಕ ಮದ್ಯ ಕಳುಹಿಸುವುದು 1909ರಿಂದಲೇ ಫೆಡರಲ್ ಕಾನೂನಿಗೆ ವಿರುದ್ಧ. ಫೆಡೆಕ್ಸ್, ಯುಪಿಎಸ್ ಕೂಡ ಪರವಾನಗಿ ಇದ್ದು ತಮ್ಮೊಂದಿಗೆ ಒಪ್ಪಂದ ಮಾಡಿಕೊಂಡ ವ್ಯಾಪಾರಿಗಳಿಂದ ಮಾತ್ರ ತೆಗೆದುಕೊಳ್ಳುತ್ತವೆ; ಜನಸಾಮಾನ್ಯರಿಂದ ತೆಗೆದುಕೊಳ್ಳುವುದಿಲ್ಲ. ಕೆಲವರು ‘ಆಲಿವ್ ಎಣ್ಣೆ’ ಎಂದು ಬರೆದು ಕಳುಹಿಸಿ ಎಂಬ ಸಲಹೆ ಕೊಡುತ್ತಾರೆ. ದಯವಿಟ್ಟು ಕೇಳಬೇಡಿ. ವೀಸಾ ಮೇಲೆ ಇರುವವರು ಎರಡು ಬಾಟಲಿಗಾಗಿ ಸುಳ್ಳು ಘೋಷಣೆಗೆ ಸಹಿ ಹಾಕುವುದು ಸಲ್ಲದು. ವೈನರಿಯಿಂದಲೇ ಗೆಳೆಯನ ವಿಳಾಸಕ್ಕೆ ಆರ್ಡರ್ ಮಾಡಿ. ನಿಮ್ಮದರ ಜೊತೆ ಅವರ ಜನ್ಮದಿನಾಂಕವನ್ನೂ ಕೇಳಬಹುದು, ಅವರಿಗೂ 21 ತುಂಬಿರಬೇಕು. ಅನ್ವಯವಾಗುವುದು ಅವರ ರಾಜ್ಯದ ನಿಯಮ.

ಬೆಂಗಳೂರಿಗೆ ಒಯ್ಯುವುದಾದರೆ

ಅಪ್ಪ ಅಮ್ಮ ಹಿಂದಿರುಗುವಾಗ ಪಾರ್ಸೆಲ್ಲಿನ ಗೊಡವೆಯೇ ಬೇಡ, ಲಗೇಜಿನಲ್ಲಿ ಇಡಿ. ಶೇ 24ಕ್ಕಿಂತ ಹೆಚ್ಚು ಆಲ್ಕೊಹಾಲ್ ಇಲ್ಲದ ಪಾನೀಯಕ್ಕೆ ಅಮೆರಿಕದ ವಿಮಾನಯಾನ ನಿಯಮದಲ್ಲಿ ಚೆಕ್-ಇನ್ ಬ್ಯಾಗಿನಲ್ಲಿ ಪ್ರಮಾಣದ ಮಿತಿ ಇಲ್ಲ, ವೈನ್ ಅದರೊಳಗೆ ಬರುತ್ತದೆ. ಕೈಚೀಲದಲ್ಲಿ ಒಯ್ದರೆ ಭದ್ರತಾ ತಪಾಸಣೆಯಲ್ಲೇ ಬಿಟ್ಟುಬರಬೇಕಾಗುತ್ತದೆ. ಮಿತಿ ಇರುವುದು ಭಾರತದ ಕಡೆಯಿಂದ: ಸುಂಕವಿಲ್ಲದೆ ಒಬ್ಬರಿಗೆ 2 ಲೀಟರ್. ಎರಡು ಬಾಟಲಿಗೆ ಒಂದೂವರೆ ಲೀಟರ್ ಆಯಿತು. ಮೂರನೆಯದನ್ನು ಇಟ್ಟರೆ ಎರಡೂಕಾಲು ಲೀಟರ್ ಆಗಿ ಮಿತಿ ದಾಟುತ್ತದೆ. ದಂಪತಿಗಳಾದರೆ ತಲಾ ಎರಡರಂತೆ ನಾಲ್ಕು ಬಾಟಲಿ. ಇಬ್ಬರ ಸೂಟ್‌ಕೇಸಿನಲ್ಲೂ ಎರಡೆರಡು ಹಂಚಿ, ಒಂದೊಂದನ್ನೂ ದಪ್ಪ ಟವೆಲ್ ಅಥವಾ ಸ್ವೆಟರಿನಲ್ಲಿ ಸುತ್ತಿ ಪೆಟ್ಟಿಗೆಯ ನಡುವೆ ಮಲಗಿಸಿ. ಅದಕ್ಕಿಂತ ಹೆಚ್ಚಿದ್ದರೆ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ರೆಡ್ ಚಾನೆಲ್‌ಗೆ ಹೋಗಿ ಹೇಳಿ ಸುಂಕ ಕಟ್ಟಬೇಕು. ವೈನರಿಯ ಬಿಲ್ಲನ್ನು ಸೂಟ್‌ಕೇಸಿನಲ್ಲಿ ಹಾಕಬೇಡಿ, ಪಾಸ್‌ಪೋರ್ಟ್ ಜೊತೆ ಕೈಯಲ್ಲೇ ಇರಲಿ.