ಜುಂಜಪ್ಪನ ಪದ ಬರೆದುಕೊಂಡಿದ್ದು ಹೀಗೆ

ನಮ್ಮದು ಶಿರಾ ತಾಲ್ಲೂಕಿನ ಕಾಡುಗೊಲ್ಲರ ಹಟ್ಟಿ. ದನ, ಕುರಿ ನಂಬಿದ ನಮಗೆ ಜುಂಜಪ್ಪ ಬರೀ ದೇವರಲ್ಲ, ಮನೆಯ ಹಿರೀಕ. ಹಾವು, ಚೇಳು ಕಂಡರೆ ಇವತ್ತಿಗೂ ಬಾಯಿಗೆ ಬರುವುದು ಅವನ ಹೆಸರೇ. ಕಳುವರಹಳ್ಳಿ ಹತ್ತಿರ ಅವನ ಗುಡ್ಡೆ ಇದೆ. ಗಣೆ ಅನ್ನುವ ಉದ್ದನೆಯ ಬಿದಿರಿನ ಕೊಳಲು ಊದಿಕೊಂಡು ಅವನ ಕಾವ್ಯ ಹಾಡುವ ನಮ್ಮ ದೊಡ್ಡಪ್ಪನಿಂದ ನಾನು ಪದ ಬರೆದುಕೊಂಡೆ.

"ಕಥೆ ಹೇಳಿ ದೊಡ್ಡಪ್ಪ" ಅಂದರೆ ನಾಲ್ಕು ಮಾತಲ್ಲಿ ಮುಗಿಸಿಬಿಡುತ್ತಿದ್ದರು. ಅದೇ ಗಣೆ ಕೈಗೆ ಬಂದರೆ ರಾತ್ರಿ ಸಾಲದು. ಒಂದೆರಡು ಸೊಲ್ಲು ಹಾಡುತ್ತಾರೆ, ಗಣೆ ಊದುತ್ತಾರೆ. ಊದುವಷ್ಟರಲ್ಲಿ ಮುಂದಿನ ಸೊಲ್ಲು ನೆನಪಿಗೆ ಬಂದಿರುತ್ತದೆ. ಹಾಗಾಗಿ ನಡುವೆ ಬಾಯಿ ಹಾಕಲೇಬಾರದು. ಏನಾದರೂ ಕೇಳಿದರೆ ಎಳೆ ತಪ್ಪಿ ಮತ್ತೆ ಹಿಂದಿನಿಂದ ಶುರು ಮಾಡುತ್ತಾರೆ. ನನ್ನ ಪ್ರಶ್ನೆಗಳನ್ನು ಚೀಟಿಯಲ್ಲಿ ಗೀಚಿಟ್ಟುಕೊಂಡು, ಮಾರನೇ ದಿನ ಕುರಿ ಮೇಯಿಸುವಾಗ ಕೇಳುತ್ತಿದ್ದೆ. ಆಗ ಅವರಿಗೂ ಪುರುಸೊತ್ತು.

ಶುರು ಮಾಡುವ ಮೊದಲು ಹಟ್ಟಿಯ ಗೌಡರನ್ನೂ ಪೂಜಾರಪ್ಪನವರನ್ನೂ ಕೇಳಿದೆ. ಗುಡಿಯ ಮುಂದೆ ಮಾತ್ರ ಹಾಡುವ ಭಾಗ ಬೇಡ ಅಂದರು, ಬಿಟ್ಟೆ. ಅದನ್ನು ಕದ್ದು ರೆಕಾರ್ಡ್ ಮಾಡುವುದು ನನಗೆ ಸರಿ ಕಾಣಲಿಲ್ಲ.

ಮೊಬೈಲನ್ನು ಗಣೆಯ ತುದಿಗೆ ಇಡಬೇಡಿ, ಊದಿದ ಸದ್ದಲ್ಲಿ ಮಾತು ಮುಚ್ಚಿಹೋಗುತ್ತದೆ. ಹಾಡುವವರ ಬಾಯಿಯ ಪಕ್ಕಕ್ಕೆ, ಮಡಚಿದ ಕಂಬಳಿ ಮೇಲೆ ಇಡಿ. ಏರೋಪ್ಲೇನ್ ಮೋಡ್ ಮರೆಯಬೇಡಿ. ಕಾವ್ಯದಲ್ಲಿ ಜುಂಜಪ್ಪನ ತಂಗಿ ಮಾರಕ್ಕ ಅಣ್ಣನಿಗೆ ವಿಷದ ಊಟ ಬಡಿಸುವ ಹೊತ್ತಿಗೇ ಯಾರಾದರೂ ಸುಮ್ನೆ ಫೋನ್ ಮಾಡುತ್ತಾರೆ!

ಬರೆಯುವಾಗ ಬಾಯಿಂದ ಬಂದಂತೆಯೇ ಬರೆದೆ. 'ಹಾಲು' ಅನ್ನದೆ 'ಆಲು' ಅಂದರೆ 'ಆಲು'. ತಿದ್ದಿದರೆ ಸೊಲ್ಲಿನ ತೂಕ ಕೆಡುತ್ತದೆ, ಹಾಡಿ ನೋಡಿ ಬೇಕಾದರೆ.

ಪಕ್ಕದ ಹಟ್ಟಿಯ ಗಣೆಗಾರರು ದನಗಳ ವರ್ಣನೆಯನ್ನು ಜಾಸ್ತಿ ಎಳೆಯುತ್ತಾರೆ. ನಮ್ಮ ದೊಡ್ಡಪ್ಪ ಮಾರಕ್ಕನ ಸಂಕಟದಲ್ಲಿ ನಿಲ್ಲುತ್ತಾರೆ. ಎರಡನ್ನೂ ಬೆರೆಸಿ ಒಂದು 'ಪೂರ್ತಿ ಕಾವ್ಯ' ಮಾಡು ಅಂತ ಗೆಳೆಯರು ಹೇಳಿದರು. ನಾನು ಒಪ್ಪಲಿಲ್ಲ. ಹಾಗೆ ಯಾರೂ ಹಾಡೇ ಇಲ್ಲವಲ್ಲ! ಎರಡು ಬೇರೆ ನೋಟ್‌ಬುಕ್ ಇಟ್ಟೆ.

ಆಮೇಲೆ ರೆಕಾರ್ಡ್ ಕೇಳಿಸಿದರೆ ದೊಡ್ಡಪ್ಪ, "ಇಲ್ಲಿ ಬಿಟ್ಟಿದೀನಿ ಕಣಪ್ಪ" ಅಂತ ಅದೇ ಭಾಗವನ್ನು ಇನ್ನೂ ಉದ್ದವಾಗಿ ಹಾಡಿದರು. ಹಳೆಯದನ್ನು ಹೊಡೆದುಹಾಕಲಿಲ್ಲ. ತಾರೀಖು ಹಾಕಿ, ಎದುರಿನ ಪುಟದಲ್ಲಿ ಹೊಸದನ್ನೂ ಬರೆದೆ.