ಮೂಳೆ ನೋವು, ಕಡಿಮೆ ಫಾಸ್ಫರಸ್, ಅಂಗಾಲಿನ ಗಂಟು

ಮೈತುಂಬ ಮೂಳೆ ನೋವು ಎಂದು ಬರುವ ದೊಡ್ಡವರಿಗೆ ನಾನು ಬರೆಯುವ ಮೊದಲ ರಕ್ತ ಪರೀಕ್ಷೆಗಳಲ್ಲಿ ಫಾಸ್ಫರಸ್ ಇದ್ದೇ ಇರುತ್ತದೆ. ಕ್ಯಾಲ್ಸಿಯಂ ಎಲ್ಲರೂ ಮಾಡಿಸುತ್ತಾರೆ. ಈಗೀಗ ವಿಟಮಿನ್ ಡಿ ಕೂಡ ಮಾಡಿಸುತ್ತಾರೆ. ಫಾಸ್ಫರಸ್ ಮಾತ್ರ ಬಿಟ್ಟುಹೋಗುತ್ತದೆ. ಅದು ಅಗ್ಗದ ಪರೀಕ್ಷೆ, ತಾಲ್ಲೂಕು ಮಟ್ಟದ ಲ್ಯಾಬಿನಲ್ಲೂ ಆಗುತ್ತದೆ. ಆದರೂ ಜನ ದುಡ್ಡು ಕೊಟ್ಟು ಮಾಡಿಸುವ ಫುಲ್ ಬಾಡಿ ಚೆಕಪ್ ಪ್ಯಾಕೇಜುಗಳಲ್ಲಿ ಎಷ್ಟೋ ಸಲ ಅದು ಇರುವುದಿಲ್ಲ. ಈ ಒಂದು ಸಂಖ್ಯೆ ಯಾರೂ ನೋಡದೆ ವರ್ಷಗಟ್ಟಲೆ ಹಾಸಿಗೆ ಹಿಡಿದವರು ನನ್ನ ಹತ್ತಿರ ಬಂದಿದ್ದಾರೆ. ಅಂಥ ಒಬ್ಬರ ವಿಷಯ ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಅವರು ಪಾವಗಡ ಕಡೆಯ ಟೈಲರ್. ವಯಸ್ಸು ನಲವತ್ತರ ಆಸುಪಾಸು. ಮೊದಲು ಪಾದ ನೋವು, ಆಮೇಲೆ ಪಕ್ಕೆಲುಬು, ಆಮೇಲೆ ಸೊಂಟ ಮತ್ತು ತೊಡೆ. ಹೊಲಿಗೆ ಮಷೀನ್ ತುಳಿಯಲು ಆಗದೆ ಅಂಗಡಿ ಮುಚ್ಚಿದ್ದರು. "ಕೆಳಗೆ ಕೂತರೆ ಏಳೋಕಾಗಲ್ಲ ಮೇಡಂ, ಬಸ್ಸು ಹತ್ತೋಕೆ ಯಾರಾದ್ರೂ ಹಿಂದಿನಿಂದ ಎತ್ತಬೇಕು" ಎಂದರು. ರಾತ್ರಿ ಅವರ ಮಗ್ಗುಲು ಬದಲಿಸಲೂ ತಾನೇ ಎದ್ದು ಸಹಾಯ ಮಾಡಬೇಕು ಎಂದು ಅವರ ಹೆಂಡತಿ ಹೇಳಿದರು.

ಪಾವಗಡದ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಎಂಬುದು ಎಲ್ಲರಿಗೂ ಗೊತ್ತು. ಅವರ ಬೀದಿಯಲ್ಲೇ ಬೆನ್ನು ಬಗ್ಗಿದವರು, ಮಂಡಿ ಹಿಡಿದವರು ಎಷ್ಟೋ ಜನ. ಹಾಗಾಗಿ ಇವರದೂ ನೀರಿನ ದೋಷವೇ ಎಂದು ಮನೆಯವರು ನಂಬಿದ್ದರು. ಆದರೆ ಮೂಳೆಯ ಫ್ಲೋರೋಸಿಸ್‌ನಲ್ಲಿ ಎಕ್ಸ್-ರೇ ನೋಡಿದರೆ ಸಾಮಾನ್ಯವಾಗಿ ಮೂಳೆ ಮಾಮೂಲಿಗಿಂತ ಬೆಳ್ಳಗೆ, ಗಟ್ಟಿಯಾಗಿ ಕಾಣುತ್ತದೆ. ಮೂಳೆ ಕೂಡಿಸುವ ಕಟ್ಟುಗಳಲ್ಲೂ ಸುಣ್ಣ ಕೂತಿರುತ್ತದೆ. ಇವರ ಎಕ್ಸ್-ರೇಯಲ್ಲಿ ಮೂಳೆ ಮಂಕಾಗಿತ್ತು. ಎರಡೂ ತೊಡೆಮೂಳೆಗಳ ಕುತ್ತಿಗೆಯ ಒಳಬದಿಯಲ್ಲಿ ಬಿರುಕಿನಂಥ ಗೆರೆ ಇತ್ತು. ಇದಕ್ಕೆ ಲೂಸರ್ ಝೋನ್ ಎನ್ನುತ್ತಾರೆ. ಮೂಳೆಗೆ ಖನಿಜ ಸೇರದೆ ಅದು ಮೆತ್ತಗಾಗುವ ಕಾಯಿಲೆಯ, ಅಂದರೆ ಆಸ್ಟಿಯೋಮಲೇಷಿಯಾದ ಗುರುತು ಅದು.

ಅವರ ಫೈಲಿನಲ್ಲಿ ಬೆನ್ನಿನ ಎಂಆರ್‌ಐ ಇತ್ತು, ಸಂಧಿವಾತದ ಪರೀಕ್ಷೆಗಳಿದ್ದವು, ಕ್ಯಾನ್ಸರ್ ಹರಡಿರಬಹುದು ಎಂಬ ಅನುಮಾನದ ಬೋನ್ ಸ್ಕ್ಯಾನ್ ಇತ್ತು. ವಿಟಮಿನ್ ಡಿ ಇಂಜೆಕ್ಷನ್ ಬೇಕಾದಷ್ಟು ಆಗಿತ್ತು. ಫಾಸ್ಫರಸ್ ಎಲ್ಲೂ ಇರಲಿಲ್ಲ. ನಾವು ಮಾಡಿಸಿದಾಗ ಡೆಸಿಲೀಟರಿಗೆ 1.4 ಮಿಲಿಗ್ರಾಂ ಬಂತು. ದೊಡ್ಡವರಲ್ಲಿ ಅದು 2.5ರಿಂದ 4.5 ಇರಬೇಕು. ಕ್ಯಾಲ್ಸಿಯಂ ಸರಿಯಾಗಿತ್ತು. ಮೂಳೆ ಮೆತ್ತಗಾದಾಗ ಹೆಚ್ಚುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರಿತ್ತು.

ರಕ್ತದಲ್ಲಿ ಫಾಸ್ಫರಸ್ ಇರುವುದು ಫಾಸ್ಫೇಟ್ ರೂಪದಲ್ಲಿ, ಮೂಳೆ ಗಟ್ಟಿಯಾಗಲು ಅದು ಬೇಕು. ಮುಂದಿನ ಪ್ರಶ್ನೆ ಒಂದೇ: ಆ ಫಾಸ್ಫೇಟ್ ಎಲ್ಲಿಗೆ ಹೋಗುತ್ತಿದೆ? ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮೊದಲ ಮೂತ್ರ ಬಿಟ್ಟು, ಎರಡನೇ ಮೂತ್ರ ಹಿಡಿಸುತ್ತೇನೆ. ಅದೇ ಹೊತ್ತಿಗೆ ರಕ್ತವನ್ನೂ ತೆಗೆಸುತ್ತೇನೆ. ಎರಡರಲ್ಲೂ ಫಾಸ್ಫರಸ್ ಮತ್ತು ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ) ನೋಡಬೇಕು. ಇವರಿಗೆ ಮೂತ್ರದ ಫಾಸ್ಫರಸ್ 45, ಕ್ರಿಯಾಟಿನಿನ್ 70. ರಕ್ತದ ಕ್ರಿಯಾಟಿನಿನ್ 0.7. ಮೂತ್ರದ ಫಾಸ್ಫರಸ್ಸನ್ನು ರಕ್ತದ ಕ್ರಿಯಾಟಿನಿನ್‌ನಿಂದ ಗುಣಿಸಿದರೆ 31.5. ರಕ್ತದ ಫಾಸ್ಫರಸ್ಸನ್ನು ಮೂತ್ರದ ಕ್ರಿಯಾಟಿನಿನ್‌ನಿಂದ ಗುಣಿಸಿದರೆ 98. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.32. ಅಂದರೆ ಕಿಡ್ನಿ ಸೋಸಿದ ಫಾಸ್ಫೇಟಿನಲ್ಲಿ ನೂರಕ್ಕೆ 32 ಪಾಲು ಮೂತ್ರಕ್ಕೆ ಹೋಗುತ್ತಿದೆ. ರಕ್ತದಲ್ಲಿ ಇಷ್ಟು ಕಡಿಮೆ ಇದ್ದಾಗ ಕಿಡ್ನಿ ಹೆಚ್ಚುಕಡಿಮೆ ಎಲ್ಲವನ್ನೂ ವಾಪಸ್ ಹೀರಿಕೊಳ್ಳಬೇಕಿತ್ತು. ಉಳಿದ 0.68ನ್ನು ರಕ್ತದ 1.4ರಿಂದ ಗುಣಿಸಿದರೆ 0.95. ಕಿಡ್ನಿ ಫಾಸ್ಫೇಟನ್ನು ಎಷ್ಟರ ಮಟ್ಟಿಗೆ ಉಳಿಸಿಕೊಳ್ಳುತ್ತಿದೆ ಎಂಬುದರ ಅಳತೆ ಇದು, 2.5ರ ಮೇಲಿರಬೇಕಿತ್ತು. ಯಾವ ದೊಡ್ಡ ಯಂತ್ರವೂ ಬೇಡ, ಕಾಗದ ಪೆನ್ನು ಸಾಕು. ಕಿರಿಯ ವೈದ್ಯರಿಗೆ ಇದನ್ನು ಕೈಯಲ್ಲೇ ಮಾಡಿ ಎಂದು ಒತ್ತಿ ಹೇಳುತ್ತೇನೆ. ಒಮ್ಮೆ ಮಾಡಿದವರು ಮರೆಯುವುದಿಲ್ಲ.

ಕಿಡ್ನಿ ಹೀಗೆ ಫಾಸ್ಫೇಟ್ ಬಿಟ್ಟುಕೊಡಲು ಬೇರೆ ಕಾರಣಗಳೂ ಇವೆ. ಎಚ್‌ಐವಿ, ಹೆಪಟೈಟಿಸ್ ಬಿಗೆ ಕೊಡುವ ಟೆನೊಫೋವಿರ್‌ನಂಥ ಮಾತ್ರೆ ಕಿಡ್ನಿಯ ನಾಳಗಳನ್ನು ಕೆಡಿಸಬಹುದು. ಆಗ ಸಕ್ಕರೆ ಕಾಯಿಲೆ ಇಲ್ಲದವರ ಮೂತ್ರದಲ್ಲೂ ಸಕ್ಕರೆ ಬರುತ್ತದೆ. ರಕ್ತಹೀನತೆಗೆ ಕೊಡುವ ಕೆಲವು ಕಬ್ಬಿಣದ ಡ್ರಿಪ್‌ಗಳಿಂದಲೂ, ಮುಖ್ಯವಾಗಿ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್‌ನಿಂದ, ಫಾಸ್ಫರಸ್ ಇಳಿಯುತ್ತದೆ. ಚಿಕ್ಕಂದಿನಿಂದ ಕಾಲು ಸೊಟ್ಟಗಿದ್ದರೆ, ಮನೆಯಲ್ಲಿ ಇನ್ನೂ ಯಾರಿಗಾದರೂ ಹಾಗೇ ಇದ್ದರೆ, ಅದು ವಂಶದಲ್ಲಿ ಬಂದದ್ದು. ಇವರಿಗೆ ಇದ್ಯಾವುದೂ ಇರಲಿಲ್ಲ. ನಡುವಯಸ್ಸಿನವರೆಗೆ ಗಟ್ಟಿಮುಟ್ಟಾಗಿದ್ದ ಮನುಷ್ಯ. ಹಾಗಾಗಿ ಎಫ್‌ಜಿಎಫ್-23 ಹಾರ್ಮೋನ್ ಪರೀಕ್ಷೆಗೆ ಕಳಿಸಿದೆ. ಜಾಸ್ತಿ ಇತ್ತು.

ಈ ಹಾರ್ಮೋನ್ ನಮ್ಮ ಮೂಳೆಯ ಜೀವಕೋಶಗಳಲ್ಲೇ ತಯಾರಾಗುತ್ತದೆ. ಹೆಚ್ಚಾದ ಫಾಸ್ಫೇಟನ್ನು ಹೊರಗೆ ಕಳಿಸು ಎಂದು ಕಿಡ್ನಿಗೆ ಹೇಳುವುದು ಅದರ ಕೆಲಸ. ಜೊತೆಗೆ ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತಿರುಗಿಸುವುದನ್ನೂ ತಡೆಯುತ್ತದೆ. ಅದಕ್ಕೇ ಅಷ್ಟೊಂದು ವಿಟಮಿನ್ ಡಿ ಇಂಜೆಕ್ಷನ್ ತೆಗೆದುಕೊಂಡರೂ ಅವರಿಗೆ ಉಪಯೋಗವಾಗಿರಲಿಲ್ಲ. ಕೆಲವೊಮ್ಮೆ ದೇಹದ ಎಲ್ಲೋ ಒಂದು ಪುಟ್ಟ ಗಡ್ಡೆ ಈ ಹಾರ್ಮೋನನ್ನು ಸುರಿಸುತ್ತಲೇ ಇರುತ್ತದೆ. 1947ರಲ್ಲಿ ರಾಬರ್ಟ್ ಮೆಕ್ಯಾನ್ಸ್ ಇಂಥ ಒಬ್ಬ ಹುಡುಗಿಯ ವಿಷಯ ಬರೆದರು. ತೊಡೆಮೂಳೆಯ ಗಡ್ಡೆ ತೆಗೆದ ಮೇಲೆ ಅವಳು ಚೇತರಿಸಿಕೊಂಡಳು, ಆದರೆ ಗಡ್ಡೆಯೇ ಕಾರಣ ಎಂದು ಅವರು ಹೇಳಲಿಲ್ಲ. ಗಡ್ಡೆಯಿಂದಲೇ ಕಾಯಿಲೆ ಎಂದು 1959ರಲ್ಲಿ ಗುರುತಿಸಿದವರು ಆಂಡ್ರಿಯಾ ಪ್ರಾಡರ್. ಎಫ್‌ಜಿಎಫ್-23 ಎಂಬ ಹೆಸರು ಸಿಗಲು 2000ದವರೆಗೆ ಕಾಯಬೇಕಾಯಿತು. ಮರುವರ್ಷವೇ ಈ ಗಡ್ಡೆಗಳಿಂದ ಬರುವುದು ಅದೇ ಹಾರ್ಮೋನ್ ಎಂದು ಜಪಾನಿನ ಸಂಶೋಧಕರು ತೋರಿಸಿದರು.

ಇನ್ನು ಗಡ್ಡೆ ಹುಡುಕುವುದು. ಸ್ಕ್ಯಾನಿಗೆ ಮೊದಲು ಕೈಯಿಂದ ಹುಡುಕುತ್ತೇನೆ. ಬಟ್ಟೆ ಸರಿಸಿ, ಚರ್ಮವನ್ನೆಲ್ಲ ತಡವಿ ನೋಡಬೇಕು. ಬಾಯಿ ತೆರೆಸಿ ವಸಡು, ದವಡೆ ನೋಡಬೇಕು. ಮೂಗು ಕಟ್ಟುತ್ತದೆಯೇ, ರಕ್ತ ಬರುತ್ತದೆಯೇ ಎಂದು ಕೇಳಬೇಕು. ಬೆರಳ ಸಂದು, ಅಂಗಾಲು ಬಿಡಬಾರದು. ಇವರ ಎಡ ಅಂಗಾಲಿನಲ್ಲಿ, ಬೆರಳುಗಳ ಬುಡದ ಹಿಂದೆ, ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡ ಗಂಟು ಕೈಗೆ ಸಿಕ್ಕಿತು. "ಅದಾ? ಅದು ಆಣಿ ಮೇಡಂ, ಎಷ್ಟೋ ವರ್ಷದಿಂದ ಇದೆ, ನೋವೇ ಇಲ್ಲ" ಎಂದರು.

ಹಾಗಂತ ಅದೇ ಎಂದು ತೀರ್ಮಾನಿಸಿ ಕತ್ತರಿಸುವಂತಿಲ್ಲ. ಗ್ಯಾಲಿಯಂ ಡೋಟಾಟೇಟ್ ಪೆಟ್ ಸ್ಕ್ಯಾನ್ ಮಾಡಿಸಿದೆವು. ಈ ಗಡ್ಡೆಗಳ ಮೇಲೆ ಸೊಮ್ಯಾಟೋಸ್ಟ್ಯಾಟಿನ್ ಹಾರ್ಮೋನ್ ಅಂಟಿಕೊಳ್ಳುವ ಜಾಗಗಳು ಜಾಸ್ತಿ ಇರುತ್ತವೆ, ಸ್ಕ್ಯಾನಿಗೆಂದು ಚುಚ್ಚುವ ಗ್ಯಾಲಿಯಂ ಡೋಟಾಟೇಟ್ ಔಷಧ ಅಲ್ಲಿಗೇ ಹೋಗಿ ಕೂರುತ್ತದೆ. ಇಲ್ಲಿ ಒಂದು ಮಾತು ದಪ್ಪ ಅಕ್ಷರದಲ್ಲಿ ಬರೆಯಬೇಕು: ಮಾಮೂಲಿ ಪೆಟ್ ಸ್ಕ್ಯಾನ್ ತಲೆಬುರುಡೆಯ ಬುಡದಿಂದ ತೊಡೆಯ ಮಧ್ಯಕ್ಕೆ ನಿಲ್ಲುತ್ತದೆ. ಈ ಗಡ್ಡೆಗಳಿಗೆ ಕಾಲು, ಪಾದ, ಮೂಗಿನ ಒಳಭಾಗಗಳೇ ಮಾಮೂಲಿ ಜಾಗ. ಹಾಗಾಗಿ ನೆತ್ತಿಯಿಂದ ಕಾಲ್ಬೆರಳ ತುದಿವರೆಗೆ ಎಂದು ಚೀಟಿಯಲ್ಲಿ ಬರೆಯುತ್ತೇನೆ, ಸ್ಕ್ಯಾನ್ ಮಾಡುವವರಿಗೆ ಫೋನ್ ಮಾಡಿಯೂ ಹೇಳುತ್ತೇನೆ. ಇವರ ಪಾದದಲ್ಲಿ ಒಂದೇ ಚುಕ್ಕೆ ಜೋರಾಗಿ ಹೊಳೆಯಿತು. ಪಕ್ಕೆಲುಬು, ಸೊಂಟದಲ್ಲಿ ಮಂಕಾಗಿ ಕಂಡದ್ದು ಹಳೆಯ ಮುರಿತಗಳು. ಮುರಿದ ಮೂಳೆಯೂ ಸ್ವಲ್ಪ ಹೊಳೆಯುತ್ತದೆ, ಅದನ್ನು ಗಡ್ಡೆ ಎಂದುಕೊಳ್ಳಬಾರದು. ಆಮೇಲೆ ಪಾದದ ಎಂಆರ್‌ಐ ಮಾಡಿಸಿ ಗಡ್ಡೆಯ ಅಂಚು ನೋಡಿಕೊಂಡೆವು.

ಆಪರೇಷನ್‌ಗೆ ಮುಂಚೆ ಫಾಸ್ಫೇಟ್ ಪುಡಿ, ಕ್ಯಾಲ್ಸಿಟ್ರಿಯಾಲ್ (ಕೆಲಸಕ್ಕೆ ಬರುವ ರೂಪದ ವಿಟಮಿನ್ ಡಿ) ಶುರು ಮಾಡಿದೆ. ಫಾಸ್ಫೇಟನ್ನು ದಿನಕ್ಕೆ ನಾಲ್ಕೈದು ಸಲ ಹಂಚಿ ಕೊಡಬೇಕು, ಒಟ್ಟಿಗೆ ಕೊಟ್ಟರೆ ಭೇದಿಯಾಗುತ್ತದೆ. ಗಡ್ಡೆ ಇರುವ ತನಕ ಇದು ತೂತು ಕೊಡಕ್ಕೆ ನೀರು ಹಾಕಿದ ಹಾಗೆ. ಆದರೂ ನೋವು ಸ್ವಲ್ಪ ತಗ್ಗುತ್ತದೆ.

ಸರ್ಜನ್ ಜೊತೆ ಕೂತು ಮಾತಾಡಿದ್ದು ಇಡೀ ಚಿಕಿತ್ಸೆಯಲ್ಲಿ ಮುಖ್ಯವಾದ ಭಾಗ ಎಂದು ನನಗನ್ನಿಸುತ್ತದೆ. ಗಂಟು ಚಿಕ್ಕದು, ಸುಮ್ನೆ ಬಿಡಿಸಿ ತೆಗೆದರಾಯಿತು ಎಂದು ಕಾಣುತ್ತದೆ. ಹಾಗೆ ತೆಗೆದರೆ ಅಂಚಿನಲ್ಲಿ ಉಳಿದ ಕೋಶಗಳಿಂದ ಗಡ್ಡೆ ಮತ್ತೆ ಬೆಳೆಯುತ್ತದೆ, ಫಾಸ್ಫರಸ್ ಮತ್ತೆ ಬೀಳುತ್ತದೆ. ಸುತ್ತಲಿನ ಚೆನ್ನಾಗಿರುವ ಮಾಂಸವನ್ನೂ ಸೇರಿಸಿ ತೆಗೆಯಬೇಕು. ಅಂಗಾಲು ಭಾರ ಹೊರುವ ಜಾಗವಾದ್ದರಿಂದ ಗಾಯ ಮುಚ್ಚಲು ಪ್ಲಾಸ್ಟಿಕ್ ಸರ್ಜನ್ ಕೂಡ ಬಂದರು.

ಗಡ್ಡೆ ಹೋದ ಮೇಲೆ ಎಫ್‌ಜಿಎಫ್-23 ಕೆಲವು ಗಂಟೆಗಳಲ್ಲೇ ಇಳಿಯುತ್ತದೆ. ಫಾಸ್ಫೇಟ್ ಪುಡಿ ನಿಲ್ಲಿಸಿದ್ದರೂ ಅವರ ಫಾಸ್ಫರಸ್ ವಾರದೊಳಗೆ 2.5 ದಾಟಿತು. ವರದಿ ಹಿಡಿದು ವಾರ್ಡಿಗೆ ಹೋದಾಗ ನನಗಾದ ಖುಷಿ ಹೇಳತೀರದು. ಬಯಾಪ್ಸಿಯಲ್ಲಿ ಫಾಸ್ಫಟ್ಯೂರಿಕ್ ಮೆಸೆಂಕೈಮಲ್ ಟ್ಯೂಮರ್ ಎಂದು ಬಂತು, ಅಂದರೆ ಈ ಹಾರ್ಮೋನ್ ಸುರಿಸುವ ಗಡ್ಡೆಯೇ. ಕ್ಯಾನ್ಸರ್ ಅಲ್ಲ. ಮೂಳೆ ಹಸಿದು ಕ್ಯಾಲ್ಸಿಯಂ ಎಳೆದುಕೊಳ್ಳುವ ಸಮಯ ಅದು. ಹಾಗಾಗಿ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟು ನಿಗಾ ಇಟ್ಟೆವು. ತೊಡೆಗೆ ಬಲ ಮೊದಲು ಬಂತು, ಬಿರುಕು ಕೂಡಲು ತಿಂಗಳುಗಳೇ ಹಿಡಿದವು. ಕುಗ್ಗಿದ ಎತ್ತರ ವಾಪಸ್ ಬರುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಈಗ ಅಂಗಡಿ ತೆರೆದಿದ್ದಾರೆ. ಫಾಸ್ಫರಸ್ ಮಾತ್ರ ವರ್ಷ ವರ್ಷ ನೋಡುತ್ತಲೇ ಇರಬೇಕು.

ಎಲ್ಲರಿಗೂ ಹೀಗೆ ಗಡ್ಡೆ ಸಿಗುವುದಿಲ್ಲ. ನನ್ನ ಇನ್ನೊಬ್ಬ ರೋಗಿಗೆ, ಶಾಲೆಯಲ್ಲಿ ಅಡುಗೆ ಮಾಡುವವರು, ಪೆಟ್ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಎಫ್‌ಜಿಎಫ್-23ನ್ನೇ ತಡೆಯುವ ಬುರೊಸುಮ್ಯಾಬ್ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2020ರಲ್ಲಿ ಈ ಕಾಯಿಲೆಗೆಂದು ಒಪ್ಪಿಗೆ ಸಿಕ್ಕಿದೆ. ಅದರ ಬೆಲೆ ಅವರ ಮನೆಗೆ ನಿಲುಕುವಂಥದ್ದಲ್ಲ. ಫಾಸ್ಫೇಟ್ ಪುಡಿ, ಕ್ಯಾಲ್ಸಿಟ್ರಿಯಾಲ್ ನಡೆಯುತ್ತಿದೆ. ಇವುಗಳಿಂದ ಕಿಡ್ನಿಯಲ್ಲಿ ಸುಣ್ಣ ಕೂರಬಹುದು, ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿ ಕೆರಳಬಹುದು. ಅದಕ್ಕೇ ಆಗಾಗ ಮೂತ್ರದ ಕ್ಯಾಲ್ಸಿಯಂ, ಆ ಗ್ರಂಥಿಯ ಹಾರ್ಮೋನ್ ಪಿಟಿಎಚ್, ಕಿಡ್ನಿಯ ಅಲ್ಟ್ರಾಸೌಂಡ್ ನೋಡುತ್ತೇವೆ. ಈಚೆಗೆ ಒಂದೇ ಬದಿಯ ಮೂಗು ಕಟ್ಟುತ್ತಿದೆ ಎಂದು ಅವರು ಹೇಳಿದರು. ಕಿವಿ ಮೂಗು ಗಂಟಲಿನ ವೈದ್ಯರ ಹತ್ತಿರ ಎಂಡೋಸ್ಕೋಪಿಗೆ ಕಳಿಸಿದ್ದೇನೆ.