ಗ್ರಿಫಿನ್ ಹೊಟ್ಟೆಯ ಲೆಕ್ಕ

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಕಥೆಯಾಟದಲ್ಲಿ, ಕಥೆ ಕಟ್ಟಿ ಆಟ ನಡೆಸುವ ಗೇಮ್ ಮಾಸ್ಟರ್ ನಾನು. ಆಟಗಾರರಿಗೊಂದು ಗ್ರಿಫಿನ್ ಕೊಟ್ಟು ಕೈ ಸುಟ್ಟುಕೊಂಡೆ. ಹದ್ದಿನ ತಲೆ, ಸಿಂಹದ ಮೈ, ನೋಡೋಕೆ ಭರ್ಜರಿ. ಆದರೆ ಎರಡನೇ ವಾರಕ್ಕೇ ಅದು ಪುಕ್ಕಟೆ ಟ್ಯಾಕ್ಸಿಯಾಗಿತ್ತು. ನಾನು ನಿದ್ದೆಗೆಟ್ಟು ಬರೆದ ಕಣಿವೆ, ಕಳ್ಳರು ಕಾಯುವ ಸೇತುವೆ, ಎಲ್ಲವನ್ನೂ ಮೇಲಿಂದಲೇ ದಾಟಿಬಿಟ್ಟರು.

ಕೊಟ್ಟಿದ್ದನ್ನು ಕಿತ್ತುಕೊಳ್ಳಲು ಮನಸ್ಸಾಗದೆ ಲೆಕ್ಕಕ್ಕೆ ಕೂತೆ. ನಾವು ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಐದನೇ ಆವೃತ್ತಿಯಲ್ಲಿ ಗ್ರಿಫಿನ್‌ನ ಬಲದ ಅಂಕ 18. ಅದರ ಗಾತ್ರಕ್ಕೆ ಹೊರಬಲ್ಲದ್ದು 540 ಪೌಂಡ್, ಸುಮಾರು 245 ಕಿಲೋ. ಗಾಡಿ ಎಳೆಯುವ ಕುದುರೆಯದ್ದೂ ಅಷ್ಟೇ! ಕಬ್ಬಿಣದ ಕವಚ ತೊಟ್ಟ ಒಬ್ಬ ಯೋಧ, ಜೀನು, ನೀರಿನ ಚೀಲ ಸೇರಿದರೆ ಅರ್ಧಕ್ಕಿಂತ ಹೆಚ್ಚು ತುಂಬಿತು. ನಾಲ್ವರು ಒಟ್ಟಿಗೆ ಹಾರುತ್ತಿದ್ದರೆ ಅದು ನನ್ನ ಸೋಮಾರಿತನ.

ಹೊರೆಯ ಲೆಕ್ಕ ಅಲ್ಲಿಗೆ ಮುಗಿಯಿತು. ಹೊಟ್ಟೆಯದ್ದು ಮುಗಿಯಲೇ ಇಲ್ಲ. ಗ್ರಿಫಿನ್‌ಗೆ ಕುದುರೆ ಮಾಂಸವೆಂದರೆ ಪ್ರಾಣ ಅಂತ ನಿಯಮದ ಪುಸ್ತಕವೇ ಹೇಳುತ್ತದೆ. ಅಷ್ಟರಲ್ಲಿ ಬೇಟೆಯ ಹಕ್ಕಿ ಡೇಗೆ ಸಾಕುವವರ ಬಗ್ಗೆ ಓದಿದ್ದು ನೆನಪಾಯಿತು. ಹೊಟ್ಟೆ ತುಂಬಿದ ಡೇಗೆ ಕರೆದರೂ ಕೈಮೇಲೆ ಬಂದು ಕೂರುವುದಿಲ್ಲ. ಅದಕ್ಕೇ ಅವರು ಹಕ್ಕಿಯನ್ನು ತೂಗಿ ನೋಡಿ, ಅಳೆದು ತಿನ್ನಿಸುತ್ತಾರೆ. ಗಾಬರಿಯಾಗದಿರಲಿ ಅಂತ ಕಣ್ಣಿಗೆ ತೊಗಲಿನ ಟೊಪ್ಪಿ ಹಾಕುತ್ತಾರೆ.

ಇದನ್ನೇ ನಿಯಮ ಮಾಡಿದೆ. ಆವತ್ತು ತಿಂದ ಗ್ರಿಫಿನ್ ಮಾತು ಕೇಳಬೇಕಾದರೆ ಇಪ್ಪತ್ತು ಮುಖದ ದಾಳದಲ್ಲಿ 15 ದಾಟಬೇಕು. ಒಂದು ದಿನ ಹಸಿದಿದ್ದರೆ 10 ಸಾಕು. ಎರಡು ದಿನ ಹಸಿದರೆ ದಾಳವೇ ಬೇಡ, ಹೇಳಿದಂತೆ ಕೇಳುತ್ತದೆ, ಕಣ್ಣಿಗೆ ಕುದುರೆ ಬೀಳುವ ತನಕ.

ಮುಂದಿನ ವಾರವೇ ನಮ್ಮ ಕಳ್ಳಿ ಪಾತ್ರದವಳು ಎರಡು ದಿನ ಉಪವಾಸ ಕೆಡವಿದ ಗ್ರಿಫಿನ್ ಮೇಲೆ ಹಾರಿ ಬಂದು, ಛತ್ರದ ಹಿತ್ತಲಲ್ಲಿ ಕಟ್ಟಿ ಮಲಗಿದಳು. ಟೊಪ್ಪಿ ಹಾಕಲು ಮರೆತಿದ್ದಳು. ಬೆಳಿಗ್ಗೆ ಲಾಯದಲ್ಲಿ ಉಳಿದಿದ್ದು ಒಂದು ಲಗಾಮು, ನಾಲ್ಕು ಲಾಳ, ಮತ್ತು ಕುದುರೆಯ ದುಡ್ಡು ಕೇಳುತ್ತಾ ನಿಂತ ವ್ಯಾಪಾರಿ. ಆ ಜಗಳಕ್ಕೇ ಮೂರು ಗಂಟೆ ಹೋಯಿತು. ನಾನು ಬರೆದುಕೊಂಡು ಹೋಗಿದ್ದ ಯುದ್ಧ ಯಾರಿಗೂ ಬೇಕಾಗಲಿಲ್ಲ.

ಕಮ್ಮಾರನ ಕುಲುಮೆಗೆ ಬೆಂಕಿಹಲ್ಲಿ, ಗಣಿಗೆ ನೋಟದಿಂದಲೇ ಕಲ್ಲಾಗಿಸುವ ಬ್ಯಾಸಿಲಿಸ್ಕ್ ಕೂಡ ಪ್ರಯತ್ನಿಸಿದೆ, ಯಾಕೋ ಜೀವ ಬರಲಿಲ್ಲ. ಅವಕ್ಕೆ ಏನು ತಿನ್ನಿಸಬೇಕು ಅಂತ ನಾನು ಯೋಚಿಸಿರಲೇ ಇಲ್ಲ.

ಈಗ ನಮ್ಮ ತಂಡ ಗ್ರಿಫಿನ್‌ಗೊಬ್ಬ ಮಾವುತನನ್ನು ಸಂಬಳ ಕೊಟ್ಟು ಇಟ್ಟುಕೊಂಡಿದೆ. ದೂರದ ಊರುಗಳಿಗೆ ನಡೆದೇ ಹೋಗುತ್ತಾರೆ, ನನ್ನ ಸೇತುವೆ ಮೇಲೆಯೇ.